ಲಿನನ್ ಕೋಣೆಗೆ ಬಂದ ಸೀಸದ ಕದ

ಒಂದು ಕದ ಎತ್ತಲಿಕ್ಕೆ ಇಬ್ಬರು ಸಾಕು. ಆ ದಿನ ಆಸ್ಪತ್ರೆ ಕಟ್ಟಡದ ಮೂರನೇ ಮಹಡಿಯ ಲಿನನ್ ಕೋಣೆಯ ಮುಂದೆ ನಾಲ್ವರು ಸೇರಿ ಎತ್ತಿದರೂ ಅದು ಬಿಜಾಗರಿಗೆ ಕೂರುತ್ತಿರಲಿಲ್ಲ. ಸೈಟ್ ಸೂಪರ್‌ವೈಸರ್ ಆಳಂದ ಕಡೆಯವರು. ಪುಣೆಯ ಎಷ್ಟೋ ಸೈಟುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ನನ್ನಂಥ ಧಾರವಾಡದವನಿಗೆ ಇದರಿಂದ ಒಂದು ಅನುಕೂಲವುಂಟು, ಬೈಗುಳವೂ ತಾಯ್ನುಡಿಯಲ್ಲೇ ಸಿಗುತ್ತದೆ. ಆ ದಿನ ಮಾತ್ರ ಅವರು ಬೈಯಲಿಲ್ಲ, ಕೇಳಿದರು ಅಷ್ಟೆ.

"ಸರ್ರ, 3-17ರ ಕದ ಬಂದೈತ್ರಿ. ಭಾಳ ವಜ್ಜಿ ಐತಿ. ಹಾಸಿಗಿ ಅರಿಬಿ ಇಡೂ ಖೋಲಿಗೆ ಇಂಥಾ ಕದ ಯಾಕ್ ಬೇಕ್ರಿ?"

ಡ್ರಾಯಿಂಗ್ ತೆರೆದು ನೋಡಿದೆ. 3-17 ಲಿನನ್ ಕೋಣೆಯೇ. ಬಾಗಿಲುಗಳ ವಿವರದ ಪಟ್ಟಿಯಾದ ಡೋರ್ ಶೆಡ್ಯೂಲಿನಲ್ಲೂ ಅದೇ ಇತ್ತು: 900 × 2100 ಮಿ.ಮೀ., ಸಾದಾ ಕದ. ಆಮೇಲೆ ಬಾಗಿಲು ತಯಾರಿಸುವವರಿಗೆ ಹೋಗಿದ್ದ ಆರ್ಡರ್ ಪಟ್ಟಿ ತೆರೆದೆ. ಅಲ್ಲಿ 3-17 ಅಂದರೆ ಎಕ್ಸ್‌ರೇ ಹಾಯಿಸಿ ಹೃದಯದ ರಕ್ತನಾಳ ನೋಡುವ ಕ್ಯಾಥ್ ಲ್ಯಾಬಿನ ಕಂಟ್ರೋಲ್ ರೂಮಿನ ಬಾಗಿಲು. ಅಳತೆ ಅದೇ 900 × 2100, ಆದರೆ ಹೊಟ್ಟೆಯೊಳಗೆ 2 ಮಿ.ಮೀ. ಸೀಸದ ತಗಡು. ಸೀಸ ಘನ ಸೆಂಟಿಮೀಟರಿಗೆ 11.34 ಗ್ರಾಂ ತೂಗುತ್ತದೆ. ಲೆಕ್ಕ ಹಾಕಿದರೆ ತಗಡು ಒಂದೇ 43 ಕೆ.ಜಿ. ಹತ್ತಿರ ಬರುತ್ತದೆ, ಕದದ ಕಟ್ಟಿಗೆ, ಚಿಲಕ, ಹಿಡಿಕೆ ಎಲ್ಲ ಅದರ ಮೇಲೆ. ನಾಲ್ವರು ಏದುಸಿರು ಬಿಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ.

ಆ ನಂಬರು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೇಗೆ ದಾಟಿತು ಅನ್ನುವುದೇ ಈ ಪ್ರಕರಣ. ದಾಟಿಸಿದ್ದು ರೆವಿಟ್ ಎಂಬ ಕಟ್ಟಡ ವಿನ್ಯಾಸದ ತಂತ್ರಾಂಶಕ್ಕೆ ನಾವು ಜೋಡಿಸಿಕೊಂಡಿದ್ದ ಎಐ ಏಜೆಂಟ್. ದಾಟಿಸು ಎಂದು ಹೇಳಿದ್ದು ನಾನು, ಹೇಳುತ್ತಿದ್ದೇನೆಂದು ತಿಳಿಯದೆ.

ಒಂದು ಬಾಗಿಲು, ನಾಲ್ಕು ಟ್ಯಾಗು

ನಮ್ಮದು ಕೋಥರೂಡಿನಲ್ಲಿ ಐದಾರು ಜನರ ಸಣ್ಣ ಕಚೇರಿ. ವಾಸ್ತುಶಿಲ್ಪಿಗಳು ಕೊಟ್ಟ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾಡೆಲ್ ಮಾಡಿ, ಕಟ್ಟಲಿಕ್ಕೆ ಅಂತಿಮವೆಂದು ಸೈಟಿಗೆ ಹೋಗುವ ಜಿಎಫ್‌ಸಿ ಡ್ರಾಯಿಂಗ್ ತೆಗೆದುಕೊಡುವುದು ಕೆಲಸ. ಸಾಧಾರಣ ಫ್ಲ್ಯಾಟುಗಳ ಕೆಲಸದಲ್ಲಿ ಬಾಗಿಲಿಗೆ ಪ್ರತ್ಯೇಕ ನಂಬರು ಇರುವುದಿಲ್ಲ. ಮುಂಬಾಗಿಲು ಡಿ1, ಮಲಗುವ ಕೋಣೆಗೆ ಡಿ2, ಬಚ್ಚಲಿಗೆ ಡಿ3, ಕಿಟಕಿಗೆ ಡಬ್ಲ್ಯೂ1, ಗಾಳಿಗಿಂಡಿಗೆ ವಿ1, ಹೀಗೆ ಜಾತಿಯ ಹೆಸರಿನಲ್ಲೇ ಕಾಲ ಕಳೆಯುತ್ತದೆ. ಇನ್ನೂರು ಡಿ2 ಇದ್ದರೂ ಎಲ್ಲ ಒಂದೇ ಥರ, ಯಾವುದು ಎಲ್ಲಿಗೆ ಹೋದರೂ ನಡೆಯುತ್ತದೆ. ಆಸ್ಪತ್ರೆಯಲ್ಲಿ ಹಾಗಲ್ಲ. ಒಂದೇ ಅಳತೆಯ ಎರಡು ಬಾಗಿಲುಗಳಲ್ಲಿ ಒಂದಕ್ಕೆ ಕಾರ್ಡ್ ರೀಡರ್, ಇನ್ನೊಂದಕ್ಕೆ ಬೆಂಕಿ ತಡೆಯುವ ಪಟ್ಟಿ. ಒಂದಕ್ಕೆ ಒದೆತ ತಾಳುವ ಸ್ಟೀಲ್ ತಗಡು, ಮತ್ತೊಂದಕ್ಕೆ ಸೀಸ. ಹಾಗಾಗಿ ಪ್ರತಿ ಬಾಗಿಲಿಗೂ ಅದರದೇ ನಂಬರು. ಮೊದಲಂಕಿ ಮಹಡಿ, ಅಡ್ಡಗೆರೆಯಾದ ಮೇಲೆ ಕ್ರಮಸಂಖ್ಯೆ.

ಕಟ್ಟಡ ನೆಲಮಹಡಿ ಮತ್ತು ಮೇಲೆ ಏಳು. ಮಹಡಿಗೆ ಸರಾಸರಿ 60 ಬಾಗಿಲು ಹಿಡಿದರೆ ಒಟ್ಟು 480. ರೆವಿಟ್ ಬಳಸದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಅದರಲ್ಲಿ ಬಾಗಿಲ ಪಕ್ಕ ನಂಬರು ತೋರಿಸುವ ಟ್ಯಾಗ್ ಅನ್ನುವುದು ಬರೆದಿಟ್ಟ ಅಕ್ಷರವಲ್ಲ, ಬಾಗಿಲಿನೊಳಗೆ ಇರುವ ಮಾಹಿತಿಯನ್ನು ತೋರಿಸುವ ಕಿಂಡಿ. ನಂಬರು ಇರುವುದು ಬಾಗಿಲಿನ 'ಮಾರ್ಕ್' ಎಂಬ ಖಾನೆಯಲ್ಲಿ. ಅದನ್ನು ಬದಲಿಸಿದರೆ ಎಲ್ಲ ಟ್ಯಾಗುಗಳೂ, ಶೆಡ್ಯೂಲೂ ತಾವಾಗಿಯೇ ಬದಲಾಗುತ್ತವೆ. ಆದರೆ ಟ್ಯಾಗ್ ಮಾತ್ರ ಆಯಾ ನೋಟಕ್ಕೆ, ಅಂದರೆ ಆಯಾ ವ್ಯೂಗೆ, ಸೇರಿದ್ದು. 1:100ರ ಪ್ಲಾನಿನಲ್ಲಿ ಹಾಕಿದ್ದು 1:50ರ ಪ್ಲಾನಿಗೆ ಬರುವುದಿಲ್ಲ. ನಮ್ಮಲ್ಲಿ ಸಾದಾ ಪ್ಲಾನು, ದೊಡ್ಡದು ಮಾಡಿದ ಪ್ಲಾನು, ಅಗ್ನಿಸುರಕ್ಷೆಯ ಪ್ಲಾನು, ಚಿಲಕ-ಬಿಜಾಗರಿ ತೋರಿಸುವ ಹಾರ್ಡ್‌ವೇರ್ ಪ್ಲಾನು, ಹೀಗೆ ನಾಲ್ಕು. 480ಕ್ಕೆ ನಾಲ್ಕು ಪಟ್ಟು, 1,920 ಟ್ಯಾಗು. ಇವು ಒಂದರ ಮೇಲೊಂದು ಬೀಳದಂತೆ, ಗೋಡೆಯ ಗೆರೆ ತಿನ್ನದಂತೆ, ಅಳತೆಯ ಅಂಕಿ ಮುಚ್ಚದಂತೆ ಇರಬೇಕು.

'ಟ್ಯಾಗ್ ಆಲ್' ಎಂಬ ಗುಂಡಿ ರೆವಿಟ್‌ನಲ್ಲೇ ಇದೆ, ನಿಜ. ಒತ್ತಿದರೆ ಎಲ್ಲ ಬಾಗಿಲಿಗೂ ಟ್ಯಾಗ್ ಬೀಳುತ್ತದೆ. ಆಸ್ಪತ್ರೆಯ ಓಣಿಯಲ್ಲಿ, ಎದುರುಬದುರು ಶೌಚಾಲಯಗಳ ಬಾಗಿಲುಗಳಿರುವಲ್ಲಿ, ಅವು ಸಂತೆಗೆ ಬಂದವರ ಹಾಗೆ ಒಬ್ಬರ ಹೆಗಲ ಮೇಲೊಬ್ಬರು ನಿಂತಿರುತ್ತವೆ. 1:100ರಲ್ಲಿ ಕಾಗದದ ಮೇಲೆ 8 ಮಿ.ಮೀ. ಅಗಲದ ಟ್ಯಾಗ್ ಕಟ್ಟಡದಲ್ಲಿ 800 ಮಿ.ಮೀ. ಜಾಗ ತಿನ್ನುತ್ತದೆ, ಒಂದು ಬಚ್ಚಲ ಬಾಗಿಲಿನಷ್ಟು. ಒಂದೊಂದನ್ನೂ ಎಳೆದು ಸರಿಸುವ ಕೆಲಸ ನಮ್ಮ ವಿಜಯಪುರದ ಹುಡುಗಿಯದು. ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಟ್ಯಾಗ್ ಎಳೆದ ಮೇಲೆ ಅವಳು ಒಂದು ದಿನ, "ಸರ, ಇದಕ್ಕ ನಾ ಬೇಕೇನ್ರಿ?" ಎಂದಳು. ಪ್ರಶ್ನೆ ನ್ಯಾಯವಾದದ್ದು.

ಕೈ ಕೊಟ್ಟದ್ದು

ಏಜೆಂಟ್ ಅಂದರೆ ಮಾತಾಡುವ ಭಾಷಾ ಮಾದರಿಗೆ ಕೈ ಕೊಟ್ಟ ಹಾಗೆ. (ಅದು ನಮಗೆ ಕೈ ಕೊಟ್ಟ ಕಥೆ ಮುಂದಿದೆ.) 2024ರ ನವೆಂಬರಿನಲ್ಲಿ ಆಂಥ್ರಾಪಿಕ್ ಕಂಪನಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಮುಕ್ತ ಪದ್ಧತಿಯನ್ನು ಹೊರತಂದಿತು, ಎಲ್ಲರೂ ಎಂಸಿಪಿ ಅನ್ನುತ್ತಾರೆ. ಯಾವ ತಂತ್ರಾಂಶವಾದರೂ ತನ್ನಲ್ಲಿ ಇಂತಿಂಥ ಕೆಲಸ ಮಾಡಿಸಿಕೊಳ್ಳಬಹುದು ಎಂದು ಒಂದು ಪಟ್ಟಿ ಒಡ್ಡುತ್ತದೆ, ಮಾದರಿ ಆ ಪಟ್ಟಿಯಿಂದ ಆರಿಸಿ ಕರೆಯುತ್ತದೆ. ಸ್ವಲ್ಪ ದಿನದಲ್ಲೇ ರೆವಿಟ್‌ಗೂ ಇಂಥ ಪಟ್ಟಿ ಒಡ್ಡುವ ಸರ್ವರ್‌ಗಳನ್ನು ಆಸಕ್ತರು ಬರೆದು ಉಚಿತವಾಗಿ ಹಂಚಿದರು. ರೆವಿಟ್‌ಗೆ ಸ್ಕ್ರಿಪ್ಟು ಬರೆಯುವ ಉಚಿತ ಸಾಧನ ಪೈರೆವಿಟ್ ಬಳಸಿ ಗೊತ್ತಿದ್ದ ನಮ್ಮ ಹುಡುಗಿ ಒಂದು ವಾರಾಂತ್ಯದಲ್ಲಿ ಒಂದನ್ನು ಜೋಡಿಸಿಬಿಟ್ಟಳು.

ರೆವಿಟ್ ಹಳೆಯ ಕಾಲದ ಮನೆಯ ಯಜಮಾನನಂತೆ, ಒಂದು ಸಲಕ್ಕೆ ಒಬ್ಬರ ಮಾತು ಮಾತ್ರ ಕೇಳುತ್ತದೆ. ಹೊರಗಿನ ಪ್ರೋಗ್ರಾಂ ನೇರವಾಗಿ ಒಳಗೆ ಕೈ ಹಾಕುವಂತಿಲ್ಲ. ಒಳಗೆ ಆ್ಯಡ್-ಇನ್ ಎಂಬ ಒಂದು ಸೇರ್ಪಡೆ ಪ್ರೋಗ್ರಾಂ ಕೂತಿರಬೇಕು, ಹೊರಗಿನಿಂದ ಚೀಟಿ ಬಂದರೆ ರೆವಿಟ್‌ಗೆ ಬಿಡುವಾದಾಗ ಅದನ್ನು ಮುಂದಿಡಬೇಕು. ನೀವು ಯಾವುದೋ ಡೈಲಾಗ್ ತೆರೆದಿಟ್ಟು ಚಹಾಕ್ಕೆ ಹೋದರೆ ಚೀಟಿ ಅಲ್ಲೇ ಕಾಯುತ್ತದೆ. ನಮ್ಮ ಮೊದಲ ಎಡವಟ್ಟು ಇಲ್ಲೇ ಆಯಿತು. ನಾನು ಪ್ರಿಂಟ್ ಡೈಲಾಗ್ ತೆರೆದಿಟ್ಟು ಫೋನಿಗೆ ಎದ್ದು ಹೋದೆ. ಉತ್ತರ ಬಾರದ್ದರಿಂದ ಏಜೆಂಟ್ ಕೆಲಸ ಆಗಿಲ್ಲವೆಂದು ತಿಳಿದು ಅದೇ ಆಜ್ಞೆಯನ್ನು ಮತ್ತೊಮ್ಮೆ ಕಳಿಸಿತು. ನಾನು ಬಂದು ಡೈಲಾಗ್ ಮುಚ್ಚಿದೊಡನೆ ಕಾದಿದ್ದ ಎರಡೂ ಚೀಟಿ ನಡೆದವು. ಪ್ರತಿ ಬಾಗಿಲಿಗೂ ಎರಡೆರಡು ಟ್ಯಾಗು, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಒಂದರ ಮೇಲೊಂದು. ಕಣ್ಣಿಗೆ ಒಂದೇ. ಮರುದಿನ ಒಂದನ್ನು ಎಳೆದಾಗ ಅಡಿಯಲ್ಲಿ ಇನ್ನೊಂದು ಕೂತಿತ್ತು. ಅಂದಿನಿಂದ ಟ್ಯಾಗ್ ಹಾಕುವ ಸಾಧನವೇ 'ಈ ನೋಟದಲ್ಲಿ ಈ ಬಾಗಿಲಿಗೆ ಆಗಲೇ ಟ್ಯಾಗ್ ಇದೆಯೇ' ಎಂದು ಮೊದಲು ನೋಡಿಕೊಳ್ಳುತ್ತದೆ. ಹತ್ತು ಸಲ ಕರೆದರೂ ಹಾಕುವುದು ಒಂದೇ.

ಎರಡನೆಯದು ತಮಾಷೆಯದು, ಈಗ ನೆನೆದರೆ. ಬಾಗಿಲಿನಿಂದ 300 ದೂರದಲ್ಲಿ ಟ್ಯಾಗ್ ಇಡು ಎಂದಿದ್ದೆ. ನಮಗೆ 300 ಅಂದರೆ ಮಿ.ಮೀ. ತೆರೆಯ ಮೇಲೆ ಯಾವ ಅಳತೆ ತೋರಿಸಿದರೂ ರೆವಿಟ್ ಒಳಗೊಳಗೆ ಉದ್ದವನ್ನು ಅಡಿಯಲ್ಲೇ ಇಟ್ಟುಕೊಳ್ಳುತ್ತದೆ. ಟ್ಯಾಗುಗಳು ಬಾಗಿಲಿನಿಂದ 300 ಅಡಿ, ಅಂದರೆ 91 ಮೀಟರು ಆಚೆ ಹೋಗಿ ಕೂತವು. 1:100ರಲ್ಲಿ ಅದು ಕಾಗದದ ಮೇಲೆ 914 ಮಿ.ಮೀ.; ಎ1 ಹಾಳೆಯ ಉದ್ದವೇ 841. ನೋಟದ ಅಂಚಿನ ಹೊರಗೆ ಬಿದ್ದ ಟ್ಯಾಗು ಕಾಣುವುದೂ ಇಲ್ಲ. ಹೀಗಾಗಿ ಏಜೆಂಟ್ 'ಎಲ್ಲ ಮುಗಿಯಿತು' ಎನ್ನುತ್ತಿತ್ತು, ಹಾಳೆಯ ಮೇಲೆ ಒಂದೂ ಇರಲಿಲ್ಲ, 'ಟ್ಯಾಗ್ ಆಲ್' ಒತ್ತಿದರೆ ಟ್ಯಾಗ್ ಇಲ್ಲದ ಬಾಗಿಲೇ ಇಲ್ಲ ಎಂದು ರೆವಿಟ್ ಕೈ ಚೆಲ್ಲುತ್ತಿತ್ತು. ಅಂಚು ತೆಗೆದು ದೂರದಿಂದ ನೋಡಿದಾಗ ಸಿಕ್ಕವು: ಪಕ್ಕದವರ ಜಮೀನಿನ ಮೇಲೆ ಸಾಲಾಗಿ 60 ನಂಬರು.

ಇಂಥವೆಲ್ಲ ಒಂದು ಅನ್‌ಡೂಗೆ ಹೋಗುವ ತಪ್ಪುಗಳು. ಅವನ್ನು ತಿದ್ದಿಕೊಂಡ ಮೇಲೆ ಕೆಲಸ ನಿಜಕ್ಕೂ ಸಲೀಸಾಯಿತು. ಜಾಗ ಹುಡುಕುವ ಕೆಲಸವನ್ನು ಮಾದರಿಗೆ ಬಿಡದೆ ನಾವೇ ಬರೆದ ಸಣ್ಣ ಪ್ರೋಗ್ರಾಮಿಗೆ ಕೊಟ್ಟೆವು. ಟ್ಯಾಗಿನ ಚೌಕ ಯಾವುದಕ್ಕೆ ತಾಗುತ್ತದೆ, ಎಡಕ್ಕೆ ಸರಿದರೆ ಜಾಗವಿದೆಯೇ ಎಂಬುದಕ್ಕೆ ಬುದ್ಧಿ ಬೇಕಿಲ್ಲ, ಲೆಕ್ಕ ಸಾಕು. ಭಾಷಾ ಮಾದರಿಯ ಕೈಚಳಕ ಕಂಡದ್ದು ಬೇರೆ ಕಡೆ. ಮಾಡೆಲಿನಲ್ಲಿ ಕೋಣೆಗಳ ಹೆಸರನ್ನು ನಾಲ್ಕು ಜನ ನಾಲ್ಕು ಬಗೆಯಲ್ಲಿ ಬರೆದಿದ್ದರು. ಒಬ್ಬರಿಗೆ 'ಟಾಯ್ಲೆಟ್', ಇನ್ನೊಬ್ಬರಿಗೆ 'ಡಬ್ಲ್ಯೂಸಿ', ಮತ್ತೊಬ್ಬರಿಗೆ ಮರಾಠಿಯ 'ಶೌಚಾಲಯ್' ರೋಮನ್ ಅಕ್ಷರದಲ್ಲಿ. ಯಾವ ಬಾಗಿಲು ಯಾವ ಬಗೆಯ ಕೋಣೆಗೆ ತೆರೆಯುತ್ತದೆ, ಅದಕ್ಕೆ ಯಾವ ಹಾರ್ಡ್‌ವೇರ್ ಗುಂಪು ಹೊಂದುತ್ತದೆ ಎಂದು ಹೇಳಲು ರೆವಿಟ್ ಕೆಲಸ ತಾನಾಗಿ ಮಾಡಿಸಲು ಡೈನಮೋ ಎಂಬ ಸಾಧನದಲ್ಲಿ ಬರೆದಿದ್ದ ಹಳೆಯ ಸ್ಕ್ರಿಪ್ಟು ಒದ್ದಾಡುತ್ತಿತ್ತು, ಇದು ಕೂತಲ್ಲೇ ಹೇಳಿತು. ಒಂದೇ ಎಚ್ಚರಿಕೆ: 480 ಬಾಗಿಲಿನ ಪಟ್ಟಿ ಒಟ್ಟಿಗೆ ಕೊಟ್ಟರೆ ನಡುವಿನ ಕೆಲವನ್ನು ನುಂಗಿ 'ಎಲ್ಲ ಆಯಿತು' ಅನ್ನುತ್ತಿತ್ತು. 40ರ ಕಂತಿನಲ್ಲಿ ಕೊಟ್ಟು, ಕೊನೆಗೆ ಶೆಡ್ಯೂಲಿನ ಎಣಿಕೆಗೆ ತಾಳೆ ನೋಡಿದರೆ ಆ ಕಾಟ ಇಲ್ಲ.

ಕೆಲಸ ಸಲೀಸಾದದ್ದೇ ಮುಂದಿನದಕ್ಕೆ ದಾರಿಯಾಯಿತು.

ಎರಡು ಬಾಗಿಲು ಹೆಚ್ಚಾದವು

ಮಳೆಗಾಲ ಶುರುವಾಗುವ ಹೊತ್ತಿಗೆ ಮೂರನೇ ಮಹಡಿಯಲ್ಲಿ ಒಂದು ದೊಡ್ಡ ಉಗ್ರಾಣವನ್ನು ಎರಡು ಮಾಡಿ ಎಂದು ಆಸ್ಪತ್ರೆಯವರು ಹೇಳಿದರು. ಹೊಸದಾಗಿ ಎರಡು ಬಾಗಿಲು ಬಂದವು, 3-09ರ ಪಕ್ಕದಲ್ಲಿ. ಹುಡುಗಿ ಹಳೆಯ ಬಾಗಿಲನ್ನೇ ನಕಲು ಮಾಡಿ ಕೂರಿಸಿದ್ದಳು. ಒಂದಕ್ಕೆ ನಂಬರಿರಲಿಲ್ಲ, ಇನ್ನೊಂದರಲ್ಲಿ ಬೇರೆ ಯಾವುದೋ ಹಳೆಯ ಬಾಗಿಲಿನ ನಂಬರೇ ಇತ್ತು. ಡುಪ್ಲಿಕೇಟ್ ಮಾರ್ಕ್ ಎಂದು ರೆವಿಟ್ ಎಚ್ಚರಿಕೆ ತೋರಿಸುತ್ತಿತ್ತು. ಅದು ತಪ್ಪಿಗೆ ತಡೆ ಹಾಕುವುದಿಲ್ಲ, ಗೊಣಗುತ್ತದೆ ಅಷ್ಟೆ. ಸಂಜೆ ಆರಕ್ಕೆ ಡ್ರಾಯಿಂಗ್ ಹೊರಡಬೇಕಿತ್ತು. ನಾನು ಏಜೆಂಟಿಗೆ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದೆ: ನಂಬರಿಲ್ಲದ ಬಾಗಿಲುಗಳಿಗೆ ನಂಬರು ಕೊಡು, ಡುಪ್ಲಿಕೇಟ್ ಉಳಿಯಬಾರದು, ಲಿಫ್ಟಿನಿಂದ ಶುರುವಾಗಿ ಗಡಿಯಾರದ ದಿಕ್ಕಿನಲ್ಲಿ ಕ್ರಮ ತಪ್ಪದೆ ಇರಲಿ.

ಮೂರನೆಯ ಸಾಲು ಬರೆಯುವ ಅಗತ್ಯವೇ ಇರಲಿಲ್ಲ. ಚಂದ ಕಾಣಲಿ ಎಂದು ಬರೆದೆ. ಕ್ರಮ ತಪ್ಪಬಾರದು, ನಡುವೆ ಎರಡು ಹೆಚ್ಚಾಗಿವೆ ಅಂದರೆ ಅವುಗಳ ಮುಂದಿನದೆಲ್ಲ ಎರಡೆರಡು ಹೆಜ್ಜೆ ಸರಿಯಲೇಬೇಕು. ಸರಿದವು. 3-10ರಿಂದ 3-62ರವರೆಗೆ, 53 ಬಾಗಿಲು. ಲಿನನ್ ಕೋಣೆಯ 3-15 ಈಗ 3-17 ಆಯಿತು. ಕ್ಯಾಥ್ ಲ್ಯಾಬ್ ಕಂಟ್ರೋಲ್ ರೂಮಿನ 3-17 ಈಗ 3-19. ಎಚ್ಚರಿಕೆಗಳು ಸೊನ್ನೆ. ನಾಲ್ಕೂ ಪ್ಲಾನು, ಶೆಡ್ಯೂಲು ಎಲ್ಲ ಒಂದಕ್ಕೊಂದು ತಾಳೆ. ನಾನು ಆರ್2, ಅಂದರೆ ಎರಡನೇ ಪರಿಷ್ಕರಣೆ, ಎಂದು ಮುದ್ರೆ ಒತ್ತಿ ಕಳಿಸಿದೆ. ಬದಲಾದಲ್ಲಿ ಮೋಡದ ಗುರುತು ಹಾಕುವುದು ರೂಢಿ. ಉಗ್ರಾಣದ ಸುತ್ತ ಒಂದು ಮೋಡ ಹಾಕಿದ್ದೆ. ಉಳಿದ 53ರ ಮೇಲೆ ಯಾವ ಮೋಡವೂ ಇರಲಿಲ್ಲ, ಅವು ಬದಲಾದದ್ದು ನನಗೇ ಗೊತ್ತಿರಲಿಲ್ಲವಲ್ಲ.

ಏಜೆಂಟ್ ಮುಚ್ಚಿಟ್ಟಿತ್ತೇ? ಇಲ್ಲ. ಆಮೇಲೆ ಸಂಭಾಷಣೆ ಮೇಲೆಳೆದು ಓದಿದೆ. 'ಕ್ರಮ ಕಾಯ್ದುಕೊಳ್ಳಲು 53 ಬಾಗಿಲುಗಳ ಮಾರ್ಕ್ ನವೀಕರಿಸಿದ್ದೇನೆ' ಎಂದು ಕೊನೆಯ ಸಾಲಿನಲ್ಲಿ ಹೇಳಿಯೇ ಇತ್ತು. ಅದಕ್ಕಿಂತ ಮೇಲೆ 'ಪೂರ್ಣಗೊಂಡಿದೆ' ಎಂಬ ಪದ ಕಂಡಿತ್ತು, ನನ್ನ ಕಣ್ಣು ಅಲ್ಲಿಗೇ ನಿಂತಿತ್ತು.

ಕೆಡುಕಿನ ಬೇರು ಇಲ್ಲಿದೆ, ಸ್ವಲ್ಪ ನಿಂತು ನೋಡಬೇಕು. ಹಿಂದೆ ಕೈಯಿಂದ ನಂಬರು ಬದಲಿಸುವಾಗ ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಮರೆಯುತ್ತಿದ್ದೆವು. ಪ್ಲಾನಿನಲ್ಲಿ ಒಂದು, ಶೆಡ್ಯೂಲಿನಲ್ಲಿ ಇನ್ನೊಂದು. ಸೈಟಿನವರು ಆ ವ್ಯತ್ಯಾಸ ನೋಡಿ ಫೋನು ಮಾಡುತ್ತಿದ್ದರು, ತಪ್ಪು ಸಿಗುತ್ತಿತ್ತು. ಈಗ ಮಾಡೆಲಿನೊಳಗೆ ಎಲ್ಲವೂ ಒಮ್ಮತ. ಒಪ್ಪದೇ ಇದ್ದದ್ದು ಮಾಡೆಲಿನ ಹೊರಗಿನದು: ಆರ್1 ನೋಡಿ ತಯಾರಕರು ಹಿಡಿದಿದ್ದ ಆರ್ಡರು, ಅವರ ಕಾರ್ಖಾನೆಯಲ್ಲಿ ಚೌಕಟ್ಟುಗಳಿಗೆ ಅಂಟಿಸಿದ್ದ ಚೀಟಿ. ಆ ಚೀಟಿಗಳನ್ನು ಯಾವ ತಂತ್ರಾಂಶವೂ ಓದುತ್ತಿರಲಿಲ್ಲ.

ಒಂದು ಸೂಚನೆ ಮೊದಲೇ ಬಂದಿತ್ತು, ಅದನ್ನೂ ಕೈಬಿಟ್ಟೆವು. ಮೊದಲ ಕಂತಿನಲ್ಲಿ 20 ಚೌಕಟ್ಟು ಸೈಟಿಗೆ ಬಂದಾಗ 11 ಕಡೆ ಅಳತೆ ಕೂಡಲಿಲ್ಲ. ಸೂಪರ್‌ವೈಸರ್ ಫೋನು ಮಾಡಿದ್ದರು. ನಮ್ಮ ಕಡೆಯಿಂದ ಹೋದ ಉತ್ತರ: ತಯಾರಕರು ಚೀಟಿ ಅದಲುಬದಲು ಅಂಟಿಸಿರಬೇಕು, ಅಳತೆ ನೋಡಿ ಕೂರಿಸಿ. ಅವರು ಜಾಣರು, ಹೊಂದಿಸಿಕೊಂಡರು. ಅಳತೆ ಕೂಡಿದ ಉಳಿದ ಒಂಬತ್ತನ್ನು ಯಾರೂ ಕೇಳಲಿಲ್ಲ, ಸಿಮೆಂಟು ತುಂಬಿ ಗಟ್ಟಿ ಮಾಡಿದರು.

ಆ ಒಂಬತ್ತರಲ್ಲಿ ಸೀಸದ್ದು ಒಂದು. ಅದು ತೂಕದಿಂದ ಸಿಕ್ಕಿತು. ಬೆಂಕಿ ತಡೆಯುವ ಎರಡು ಚೌಕಟ್ಟು ಸಾದಾ ಕೋಣೆಗಳಿಗೆ ಹೋಗಿ, ಸಾದಾವು ಮೆಟ್ಟಿಲ ಬಳಿಯ ಬಾಗಿಲಿಗೆ ಬಂದಿದ್ದವು. ಅವುಗಳ ತೂಕ ಕೈಗೆ ತಿಳಿಯುವಷ್ಟಿಲ್ಲ. ಸೀಸದ ಕದ ಅಷ್ಟು ಭಾರವಿಲ್ಲದೇ ಹೋಗಿದ್ದರೆ ಇವನ್ನು ಹುಡುಕುವ ಯೋಚನೆಯೇ ನಮಗೆ ಬರುತ್ತಿರಲಿಲ್ಲ. ಆ ರಾತ್ರಿ ನಿದ್ದೆ ಕೆಡಿಸಿದ್ದು ಸೀಸವಲ್ಲ, ಆ ಎರಡು.

ಕಾಕಾನ ಪ್ರಶ್ನೆ

ನಮ್ಮ ಕಚೇರಿಯಲ್ಲಿ ಜಮಖಂಡಿಯ ಒಬ್ಬ ಹಿರಿಯರಿದ್ದಾರೆ, ಎಲ್ಲರಿಗೂ ಕಾಕಾ. ಟ್ರೇಸಿಂಗ್ ಕಾಗದ, ರಾಟ್ರಿಂಗ್ ಪೆನ್ನಿನ ಕಾಲದಿಂದ ಬಂದವರು. ತಪ್ಪಾದ ಗೆರೆಯನ್ನು ಬ್ಲೇಡಿನಿಂದ ಕೆರೆದು ಅಳಿಸಿದ ಕೈ. ಮರುದಿನ ಮುಂಜಾನೆ ನಾನು ಅವರೆದುರು ಕೂತು, ಯಂತ್ರಕ್ಕೆ ಹೊರಗೆ ಹೋದ ನಂಬರಿನ ಬೆಲೆ ಗೊತ್ತಿಲ್ಲ ನೋಡ್ರಿ ಎಂದು ಶುರು ಮಾಡಿದೆ.

"ಅದಕ್ಕ ಗೊತ್ತಿಲ್ಲ, ಖರೆ. ಗೊತ್ತಾಗೂ ಹಂಗ ನೀ ಎಲ್ಲಿ ಬರದಿದ್ದೀ, ತಮ್ಮಾ?"

ಬರೆದಿರಲಿಲ್ಲ. ಆ ಖಾನೆಯೇ ಮಾಡೆಲಿನಲ್ಲಿ ಇರಲಿಲ್ಲ. ಬಾಗಿಲಿನ ಅಗಲ, ಎತ್ತರ, ಬಣ್ಣ, ಬೆಂಕಿ ತಡೆಯುವ ಅವಧಿ ಎಲ್ಲ ಇತ್ತು. ಈ ನಂಬರು ಆಗಲೇ ಯಾರದೋ ಕೈಯಲ್ಲಿದೆ ಎಂಬ ಸಂಗತಿ ಮಾತ್ರ ಕಾಕಾನ ತಲೆಯಲ್ಲಿತ್ತು. ಕೈಕೆಲಸದ ಕಾಲದಲ್ಲಿ ಅವರು ಪಾಲಿಸುತ್ತಿದ್ದ ನಿಯಮ ನನಗೂ ಗೊತ್ತಿತ್ತು, ಆದರೆ ಹೇಳಿಕೊಟ್ಟ ಪಾಠವಾಗಿ ಅಲ್ಲ, ನೋಡಿ ಕಲಿತ ಅಭ್ಯಾಸವಾಗಿ. ನಡುವೆ ಹೊಸದು ಬಂದರೆ ಹಿಂದಿನದರ ನಂಬರಿಗೆ ಅಕ್ಷರ ಸೇರಿಸಬೇಕು, 3-09ಎ, 3-09ಬಿ. ತೆಗೆದು ಹಾಕಿದ ಬಾಗಿಲಿನ ನಂಬರನ್ನು ಮತ್ತೆ ಯಾರಿಗೂ ಕೊಡಬಾರದು. ಕಾಕಾ ಇದನ್ನು "ಸತ್ತ ನಂಬರ ಮತ್ತ ಹುಟ್ಟಬಾರ್ದು" ಅನ್ನುತ್ತಾರೆ. ಡ್ರಾಯಿಂಗು ನೋಡಲಿಕ್ಕೆ ಅಸಹ್ಯವಾಗುತ್ತದೆ, ಆಗಲಿ. ಪುಣೆಯ ಸದಾಶಿವ ಪೇಠೆಯಲ್ಲೋ ನಾರಾಯಣ ಪೇಠೆಯಲ್ಲೋ ಮನೆ ನಂಬರು ಹಿಡಿದು ಹೊರಟವರಿಗೆ ಇದು ಗೊತ್ತಿರಬಹುದು. ಹಳೆಯ ವಾಡೆ ಒಡೆದು ಹೊಸ ಕಟ್ಟಡ ಬಂದರೂ ಜನ ಹಳೆಯ ನಂಬರನ್ನು ಬಿಡುವುದಿಲ್ಲ. ಬಿಟ್ಟರೆ ಅಂಚೆಯವ ಎಲ್ಲಿಗೆ ಹೋಗಬೇಕು? (ಅಂಚೆಯವ ದಾರಿ ತಪ್ಪಿ ಬೆಲ್ ಒತ್ತಿದರೆ ಏನು ಓದಬೇಕಾಗುತ್ತದೆ ಎನ್ನುವುದನ್ನು, ಮನೆ ಮುಂದೆ ಚುಚ್ಚುಮಾತು ಬರೆದಿಡುವ ಪುಣೇರಿ ಪಾಟಿಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.)

ಸರಿಪಡಿಸುವುದು

ಮೊದಲ ಯೋಚನೆ: ಈಗ ಯಾವ ನಂಬರು ಉಳಿಸಬೇಕು? ಹಳೆಯದಕ್ಕೆ ಮರಳುವುದು ಸುಲಭವೆಂದು ಕಾಣುತ್ತದೆ. ಆದರೆ ಆರ್2 ಹೋಗಿ ಐದು ವಾರವಾಗಿತ್ತು. ಕಾರ್ಡ್ ರೀಡರ್ ಹಾಕುವ ಗುತ್ತಿಗೆದಾರರು ಹೊಸ ನಂಬರಿನ ಮೇಲೆ ಕೇಬಲ್ ಪಟ್ಟಿ ಮಾಡಿಕೊಂಡಿದ್ದರು. ಒಬ್ಬರಿಗೆ ನ್ಯಾಯ ಮಾಡಿದರೆ ಇನ್ನೊಬ್ಬರಿಗೆ ಅನ್ಯಾಯ. ಸಭೆಯಲ್ಲಿ ಎರಡು ತಾಸು ಇದೇ ಚರ್ಚೆ. ನನ್ನ ವಾದ ಹಳೆಯದರ ಪರವಾಗಿತ್ತು: ತಯಾರಕರಲ್ಲಿ ಇರುವುದು ಕೊಯ್ದು ಬೆಸೆದ ಉಕ್ಕು, ಕೇಬಲಿನವರಲ್ಲಿ ಇರುವುದು ಎಕ್ಸೆಲ್ ಹಾಳೆ. ಹಾಳೆ ತಿದ್ದಬಹುದು. ಕೇಬಲಿನವರು ಗೊಣಗಿದರು, ಅವರ ಗೊಣಗಾಟ ಸರಿಯಾದದ್ದೇ. ಆರ್3ರ ಶೆಡ್ಯೂಲಿನಲ್ಲಿ 'ಆರ್2ರಲ್ಲಿದ್ದ ನಂಬರು' ಎಂಬ ಒಂದು ಅಂಕಣವನ್ನೂ ಇಟ್ಟೆವು, ಪ್ರತಿ ಹಾಳೆಯ ಮೂಲೆಯಲ್ಲಿ ಕೆಂಪು ಎಚ್ಚರಿಕೆ ಬೇರೆ.

ಮರಳಿಸುವ ಕೆಲಸಕ್ಕೆ ಮತ್ತೆ ಅದೇ ಏಜೆಂಟನ್ನು ಬಳಸಿದೆವು, ಕಾಕಾ ಹುಬ್ಬೇರಿಸಿದರು. ಪ್ರತಿ ಸಲ ಡ್ರಾಯಿಂಗ್ ಹೊರಡುವಾಗ ಮಾಡೆಲಿನ ಒಂದು ಪ್ರತಿಯನ್ನು ಬೇರೆಯಾಗಿ ತೆಗೆದಿಡುವುದು ನಮ್ಮ ರೂಢಿ, ಅದು ಕಾಪಾಡಿತು. ರೆವಿಟ್‌ನಲ್ಲಿ ಪ್ರತಿ ವಸ್ತುವಿಗೂ ಯೂನಿಕ್ ಐಡಿ ಎಂಬ 45 ಅಕ್ಷರಗಳ ಗುರುತು ಇರುತ್ತದೆ. ಮಾರ್ಕ್ ಬದಲಾದರೂ, ಬಾಗಿಲಿನ ಜಾತಿ ಬದಲಾದರೂ, ಜರುಗಿಸಿದರೂ ಅದು ಬದಲಾಗುವುದಿಲ್ಲ. ಆರ್1ರ ಪ್ರತಿಯಿಂದ ಐಡಿ ಮತ್ತು ನಂಬರಿನ ಪಟ್ಟಿ ತೆಗೆದು, ಇಂದಿನ ಮಾಡೆಲಿನ ಐಡಿಗೆ ಹೊಂದಿಸಿದರೆ ಯಾರ ಹೆಸರು ಏನಿತ್ತು ಎಂದು ತಿಳಿಯುತ್ತದೆ. 53ರಲ್ಲಿ 50 ಹೀಗೆ ಸಿಕ್ಕವು. ಉಳಿದ ಮೂರನ್ನು ನಡುವೆ ಯಾರೋ ಅಳಿಸಿ ಹೊಸದಾಗಿ ಬರೆದಿದ್ದರು; ಅಳಿಸಿ ಬರೆದರೆ ಗುರುತು ಹೊಸದಾಗುತ್ತದೆ. ಆ ಮೂರನ್ನು ಎರಡು ಪ್ಲಾನುಗಳನ್ನು ಪಕ್ಕಪಕ್ಕ ಹಾಸಿ ಕಾಕಾ ಬೆರಳಿಟ್ಟು ತೋರಿಸಿದರು.

ಇದಾದ ಮೇಲೆ ಮಾಡೆಲಿಗೆ ಎರಡು ಹೊಸ ಖಾನೆ ಸೇರಿದವು: 'ಜಾರಿಯಾದ ನಂಬರು' ಮತ್ತು 'ಜಾರಿಯಾದ ಪರಿಷ್ಕರಣೆ'. ಡ್ರಾಯಿಂಗ್ ಹೊರಡುವ ದಿನ ಒಂದು ಗುಂಡಿ ಒತ್ತಿದರೆ ಮಾರ್ಕಿನಲ್ಲಿದ್ದದ್ದು ಅಲ್ಲಿಗೆ ನಕಲಾಗುತ್ತದೆ. ಏಜೆಂಟಿಗೆ ಕೊಟ್ಟ ಸಾಧನಗಳನ್ನೂ ಕತ್ತರಿಸಿದೆವು. ಮೊದಲು ನಾವು ಇಳಿಸಿಕೊಂಡಿದ್ದ ಸರ್ವರಿನಲ್ಲಿ ಏಜೆಂಟ್ ತಾನೇ ಕೋಡ್ ಬರೆದು ರೆವಿಟ್‌ನೊಳಗೆ ಓಡಿಸುವ ಸೌಲಭ್ಯವಿತ್ತು. ತೋರಿಸಲಿಕ್ಕೆ ಅದು ಬಹಳ ಚಂದ. ನಡೆಯುತ್ತಿರುವ ಕೆಲಸದ ಮಾಡೆಲಿನಲ್ಲಿ ಅದನ್ನು ತೆರೆದಿಡುವುದು, ಅಡುಗೆಮನೆಯ ಬೀಗದ ಕೈಯ ಜೊತೆ ತಿಜೋರಿಯದನ್ನೂ ಕೊಟ್ಟ ಹಾಗೆ. ಈಗ ಉಳಿದಿರುವುದು ಆರು ಸಾಧನ: ಬಾಗಿಲುಗಳ ಪಟ್ಟಿ ಓದು, ಕೋಣೆಗಳ ಪಟ್ಟಿ ಓದು, ನೋಟದಲ್ಲಿನ ಟ್ಯಾಗು ಓದು, ಟ್ಯಾಗು ಹಾಕು, ಟ್ಯಾಗು ಸರಿಸು, ನಂಬರು ಸೂಚಿಸು. ಕೊನೆಯದು ಮಾರ್ಕಿಗೆ ಬರೆಯುವುದೇ ಇಲ್ಲ, ಪಕ್ಕದ ಇನ್ನೊಂದು ಖಾನೆಗೆ ಬರೆಯುತ್ತದೆ. ಜಾರಿಯಾದ ನಂಬರಿರುವ ಬಾಗಿಲಿಗೆ ಅದನ್ನೂ ಬರೆಯದೆ, ಯಾಕೆ ಬರೆಯಲಿಲ್ಲ ಎಂಬ ಉತ್ತರ ಹಿಂತಿರುಗಿಸುತ್ತದೆ. ಸತ್ತ ನಂಬರುಗಳ ಪಟ್ಟಿಯೂ ಅದರ ಕೈಗೆ ಸಿಗುತ್ತದೆ.

ಹುಡುಗಿಗೂ ನನಗೂ ಇಲ್ಲಿ ಸಣ್ಣ ಜಗಳವಾಯಿತು. ಜಾರಿಯಾದ ನಂಬರು ಮುಟ್ಟಬೇಡ ಎಂದು ಏಜೆಂಟಿನ ಸೂಚನೆಯಲ್ಲೇ ಬರೆದರೆ ಸಾಲದೇ ಎಂದು ನಾನು ಕೇಳಿದೆ. "ಸಾಲೂದಿಲ್ರಿ ಸರ. ನೀವು ಅವಸರದಾಗ 'ಕ್ರಮ ತಪ್ಪಬಾರ್ದು' ಅಂತ ಮತ್ತ ಬರೀತೀರಿ, ಅದು ಎರಡು ಮಾತಿನ ನಡುವ ಯಾವ್ದ ಕೇಳ್ಬೇಕ್ರಿ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಡೆಯನ್ನು ಅವಳು ಸಾಧನದ ಕೋಡಿನೊಳಗೇ ಬರೆದಳು. ಅಲ್ಲಿ ಮಾತಿಗೆ ಮಣಿಯುವವರು ಯಾರೂ ಇಲ್ಲ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಬೆಂಕಿ ತಡೆಯುವ ಎರಡು ಚೌಕಟ್ಟು ಕಿತ್ತು ಅದಲುಬದಲು ಮಾಡಿದ್ದು, ಗಾರೆ, ಕೂಲಿ ಎಲ್ಲ ನಮ್ಮ ಬಿಲ್ಲಿನಿಂದ ಹೋಯಿತು, ಹೋಗಬೇಕಾದ್ದೇ. ಕ್ಯಾಥ್ ಲ್ಯಾಬಿನ ಕಡೆ ಇನ್ನೂ ತೊಡಕು. ಎಕ್ಸ್‌ರೇ ಇರುವ ಕೋಣೆಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಸೀಸ ಕದದಲ್ಲಿದ್ದರೆ ಸಾಲದು, ಚೌಕಟ್ಟಿನಲ್ಲೂ ಇದ್ದು, ಸಂದಿಯಲ್ಲಿ ಒಂದರ ಮೇಲೊಂದು ಹಾಯ್ದಿರಬೇಕು. ಇಲ್ಲದಿದ್ದರೆ ವಿಕಿರಣ ಸಂದಿಯಿಂದ ನುಸುಳುತ್ತದೆ. ಅಲ್ಲಿ ಕೂತಿದ್ದ ಸಾದಾ ಚೌಕಟ್ಟನ್ನು ಒಡೆದು ತೆಗೆದು, ಸೀಸದ ಹೊಸ ಚೌಕಟ್ಟು ಮಾಡಿಸಬೇಕಾಯಿತು.

ಮೊದಲು ಮಾಡಿಸಿದ್ದ ಸೀಸದ ಚೌಕಟ್ಟು? ಅದು ಲಿನನ್ ಕೋಣೆಯಲ್ಲೇ ಇದೆ. ಕಿತ್ತರೆ ಸೊಟ್ಟಾಗುತ್ತದೆ, ಮತ್ತೆ ಬಳಸಲು ಬರುವುದಿಲ್ಲ ಎಂದರು. ಹಾಗೇ ಬಿಟ್ಟು ಸಾದಾ ಕದ ನೇತುಹಾಕಿದರು. ಸಾದಾ ಕದಕ್ಕೆ ಮೂರು ಬಿಜಾಗರಿ, ಸೀಸದ ಚೌಕಟ್ಟಿಗೆ ನಾಲ್ಕು ದಪ್ಪನೆಯವು. ಬಡಿಗ ಕದದ ಅಂಚಿನಲ್ಲಿ ಜಾಗ ನೋಡಿ ನಾಲ್ಕು ಕಚ್ಚು ಕೊರೆದ. ಕಳೆದ ತಿಂಗಳು ಸೈಟಿಗೆ ಹೋದಾಗ ತೆರೆದು ನೋಡಿದೆ, ಸದ್ದಿಲ್ಲದೆ ತಿರುಗುತ್ತದೆ. ಚೌಕಟ್ಟಿನ ಒಳಮೈಯಲ್ಲಿ ಕಾರ್ಖಾನೆಯ ಚೀಟಿ ಇನ್ನೂ ಅಂಟಿಕೊಂಡಿದೆ: 3-17. ಅದರ ಮೇಲೆ ಸೂಪರ್‌ವೈಸರ್ ಮಾರ್ಕರಿನಿಂದ ಅಡ್ಡಗೆರೆ ಎಳೆದು ಕನ್ನಡದಲ್ಲಿ 'ಅರಿಬಿ ಖೋಲಿ' ಎಂದು ಬರೆದಿದ್ದಾರೆ.